ಬೂದಿ ಕರಗಬೇಕಾ, ಬೇಡ್ವಾ? ಗ್ಯಾಸಿಫೈಯರ್ ಆರಿಸುವವರಿಗೆ ಒಂದು ಹೋಲಿಕೆ

ಕಲ್ಲಿದ್ದಲು, ಹೊಟ್ಟಿನಂಥ ಇಂಧನವನ್ನು ಪೂರ್ತಿ ಸುಡದೆ ಉರಿಯುವ ಅನಿಲ ಮಾಡುವ ಯಂತ್ರವೇ ಗ್ಯಾಸಿಫೈಯರ್. "ಯಾವ ಗ್ಯಾಸಿಫೈಯರ್ ಒಳ್ಳೆಯದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ನಿಮ್ಮ ಇಂಧನದಲ್ಲಿ ಬೂದಿ ಎಷ್ಟು, ಅದು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆ? ಇದು ಗೊತ್ತಿಲ್ಲದಿದ್ದರೆ ಮುಂದಿನ ಮಾತೆಲ್ಲ ಸುಮ್ನೆ. ಮೈಸೂರಿನ ಎಂಜಿನಿಯರಿಂಗ್ ಹುಡುಗರು ಸೆಮಿನಾರ್‌ಗೆ ಮಾಡಿಕೊಂಡು ಬರುವ ಹೋಲಿಕೆಯ ಪಟ್ಟಿ ನೋಡಿ. ಮೊದಲ ಸಾಲಿನಲ್ಲಿ ದಕ್ಷತೆ, ಆಮೇಲೆ ಹೈಡ್ರೋಜನ್ ಎಷ್ಟು, ಕಾರ್ಬನ್ ಮಾನಾಕ್ಸೈಡ್ ಎಷ್ಟು, ಒತ್ತಡ ಎಷ್ಟು ಅಂತೆಲ್ಲ ಇರುತ್ತದೆ. ಬೂದಿಯ ವಿಷಯ ಕಟ್ಟಕಡೆಯ ಸಾಲಿನಲ್ಲಿ "ಒಣ" ಅಥವಾ "ಕರಗಿದ" ಅಂತ ಒಂದೇ ಪದಕ್ಕೆ ಮುಗಿದಿರುತ್ತದೆ. ಸ್ಥಾವರ ನಡೆಸುವವರನ್ನು ರಾತ್ರಿ ಎಬ್ಬಿಸುವುದು ಆ ಕಡೆಯ ಸಾಲೇ.

ಈ ಮಾತು ಈಗ ಯಾಕೆ ಅಂದರೆ, 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲ ಮಾಡಬೇಕು ಅಂತ ದೇಶ ಗುರಿ ಇಟ್ಟುಕೊಂಡಿದೆ. 2024ರ ಜನವರಿಯಲ್ಲಿ ಕೇಂದ್ರ ಸಂಪುಟ ಇದಕ್ಕೆ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯನ್ನೂ ಒಪ್ಪಿದೆ. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿ ಇಲ್ಲ, ನಿಜ. ಆದರೆ ಒಡಿಶಾ ಕಡೆ ಕೆಲಸಕ್ಕೆ ಹೋಗುವ ಹುಡುಗರು ಇಲ್ಲಿಂದಲೂ ಹೋಗುತ್ತಾರೆ. ಮಂಡ್ಯದ ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆಯವರಿಗಂತೂ ಇದೇ ತಲೆನೋವು ಬಾಯ್ಲರ್ ರೂಪದಲ್ಲಿ ಮೊದಲಿನಿಂದಲೂ ಇದೆ. ಅಲ್ಲಿಂದಲೇ ಶುರು ಮಾಡೋಣ.

ಒಂದೇ ಗದ್ದೆ, ಎರಡು ಥರದ ಬೂದಿ

ಒಂದೇ ಗದ್ದೆಯಿಂದ ಭತ್ತದ ಹೊಟ್ಟೂ ಬರುತ್ತದೆ, ಹುಲ್ಲೂ ಬರುತ್ತದೆ. ಹೊಟ್ಟು ಸುಟ್ಟರೆ ನೂರಕ್ಕೆ ಹದಿನೈದರಿಂದ ಇಪ್ಪತ್ತು ಭಾಗ ಬೂದಿ. ಇಷ್ಟೊಂದು ಬೂದಿಯಾ ಅಂತ ಗಾಬರಿಯಾಗುತ್ತದೆ, ಆದರೆ ಅದರಲ್ಲಿ ಸುಮಾರು 90 ಭಾಗ ಸಿಲಿಕಾ, ಅಂದರೆ ಮರಳಿನ ಮೂಲವಸ್ತು. ಅದು ಸುಲಭಕ್ಕೆ ಕರಗುವುದಿಲ್ಲ. ಸುಟ್ಟ ಮೇಲೂ ಹೊಟ್ಟಿನ ಆಕಾರ ಹಾಗೇ ಉಳಿದಿರುತ್ತದೆ. ಹುಲ್ಲಿನ ಕಥೆ ಬೇರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕ್ಲೋರಿನ್ ಕೂಡ ಇರುತ್ತದೆ. ಪೊಟ್ಯಾಸಿಯಂ ಸಿಲಿಕಾ ಜೊತೆ ಕೂಡಿದರೆ 800 ಡಿಗ್ರಿಗೂ ಕೆಳಗೇ ಕರಗುವ ಗಾಜು ಆಗಬಲ್ಲದು. ಹಾಗಾಗಿ ಬರೀ ಹೊಟ್ಟು ಉರಿಯುವಾಗ ತೆಪ್ಪಗಿರುವ ಬಾಯ್ಲರ್ ಒಲೆಯ ಜಾಲರಿ (ಗ್ರೇಟ್), ಸ್ವಲ್ಪ ಹುಲ್ಲು ಬೆರೆತ ದಿನ ಕಟ್ಟಿಕೊಳ್ಳುತ್ತದೆ. "ಸಾರ್, ಈ ಲೋಡಲ್ಲಿ ಹುಲ್ಲು ಸೇರ್ಕೊಂಡಿದೆ, ಗ್ರೇಟ್ ಕಟ್ಕೊಳ್ತಾ ಇದೆ" ಅಂತ ಫೈರ್‌ಮನ್ ಬಂದು ಹೇಳುವುದು ಈ ರಸಾಯನವನ್ನೇ. ಪುಸ್ತಕ ಓದದಿದ್ದರೂ ಅವರಿಗೆ ಗೊತ್ತು.

ಹಾಗೆ ಕಟ್ಟಿಕೊಂಡ ಬೂದಿಯ ಗಟ್ಟಿ, ಅಂದರೆ ಕ್ಲಿಂಕರ್ ಒಂದನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿ, ಆರಿದ ಮೇಲೆ ಸುತ್ತಿಗೆಯಲ್ಲಿ ಒಡೆದು ನೋಡಿ. ಬೆಂಕಿ ತಾಗಿದ ಮುಖ ನುಣ್ಣಗೆ, ಕಪ್ಪು ಹಸಿರು ಬಣ್ಣದ ಗಾಜು. ನಡುವೆ ಗುಳ್ಳೆ ಗುಳ್ಳೆ ತೂತು, ಅಲ್ಲಲ್ಲಿ ಸುಡದೆ ಸಿಕ್ಕಿಹಾಕಿಕೊಂಡ ಕರಿ. ಜಾಲರಿಯ ಕಡೆಯ ಮುಖದಲ್ಲಿ ಹೊಟ್ಟಿನ ಚೂರುಗಳು ಒಂದೊಂದಾಗಿ ಕಾಣುತ್ತವೆ, ಬೆರಳಲ್ಲಿ ಉಜ್ಜಿದರೆ ಬೂದು ಪುಡಿ. ನಾಲ್ಕು ಬೆರಳು ದಪ್ಪದ ಗಟ್ಟಿಯಲ್ಲಿ ಒಣ ಬೂದಿ, ಅಂಟು ಬೂದಿ, ಕರಗಿದ ಬೂದಿ ಮೂರೂ ಸಿಕ್ಕವು, ಅಲ್ವಾ? ಕಲ್ಲಿದ್ದಲ ಗ್ಯಾಸಿಫೈಯರ್‌ಗಳನ್ನು ಬೇರೆ ಬೇರೆ ಮಾಡುವುದೂ ಇದೇ ಮೂರು ಸ್ಥಿತಿ. ಒಣಗಿದ್ದರೆ ಪುಡಿಯಾಗಿ ಕೆಳಗೆ ತೆಗೆಯಬಹುದು. ಪೂರ್ತಿ ಕರಗಿದರೆ ದ್ರವವಾಗಿ ಹರಿಸಬಹುದು. ಅಂಟಾದರೆ ಎರಡೂ ಆಗುವುದಿಲ್ಲ.

(ಒಂದು ಎಚ್ಚರಿಕೆ, ವಿಷಯ ಸ್ವಲ್ಪ ಬೇರೆ. ಹೊಟ್ಟಿನ ಬೂದಿಯನ್ನು ತುಂಬಾ ಬಿಸಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಅದರ ಸಿಲಿಕಾ ಹರಳುಗಟ್ಟುತ್ತದೆ. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬೂದಿ ಎಳೆಯುವವರಿಗೆ ಮಾಸ್ಕ್ ಕೊಡಿ, ಬೂದಿಗೆ ನೀರು ಚಿಮುಕಿಸಿ.)

ಮೊದಲು ಯಾವ ಪರೀಕ್ಷೆ ಮಾಡಿಸಬೇಕು

ಕಾಲೇಜಿನ ಮಫಲ್ ಕುಲುಮೆಯಲ್ಲಿ ಕಲ್ಲಿದ್ದಲನ್ನು 815 ಡಿಗ್ರಿಯಲ್ಲಿ ಸುಟ್ಟರೆ ಬೂದಿ ಎಷ್ಟು ಅಂತ ತಿಳಿಯುತ್ತದೆ. ಅದು ಯಾವಾಗ ಕರಗುತ್ತದೆ ಅಂತ ತಿಳಿಯುವುದಿಲ್ಲ. ಅದಕ್ಕೆ ಬೂದಿಯನ್ನು ನುಣ್ಣಗೆ ಅರೆದು, ಪುಟ್ಟ ಗೋಪುರದ ಆಕಾರಕ್ಕೆ ಒತ್ತಿ, ಬೇರೆ ಕುಲುಮೆಯಲ್ಲಿಟ್ಟು ನಿಧಾನಕ್ಕೆ ಬಿಸಿ ಏರಿಸುತ್ತಾ ನೋಡಬೇಕು. ಮೊದಲು ತುದಿ ಮೊಂಡಾಗುತ್ತದೆ, ಆಮೇಲೆ ಗೋಪುರ ಕುಗ್ಗಿ ಎತ್ತರ ಅಗಲ ಒಂದೇ ಆಗುತ್ತದೆ, ಆಮೇಲೆ ಅರ್ಧ ಗೋಳ, ಕೊನೆಗೆ ತಟ್ಟೆಯ ಮೇಲೆ ಹರಡುತ್ತದೆ. ಈ ನಾಲ್ಕು ಹಂತದ ಉಷ್ಣತೆಯನ್ನೂ ಬರೆದುಕೊಳ್ಳುತ್ತಾರೆ.

ಲ್ಯಾಬ್‌ಗೆ ಒಂದು ಮಾತು ಒತ್ತಿ ಹೇಳಿ: ಪರೀಕ್ಷೆಯನ್ನು ಬರೀ ಗಾಳಿಯಲ್ಲಿ ಮಾಡಬೇಡಿ, ಗ್ಯಾಸಿಫೈಯರ್ ಒಳಗಿರುವಂಥ ಆಕ್ಸಿಜನ್ ಕೊರತೆಯ ವಾತಾವರಣದಲ್ಲೂ ಮಾಡಿ. ಬೂದಿಯಲ್ಲಿ ಕಬ್ಬಿಣ ಇದ್ದರೆ ಅಂಥ ವಾತಾವರಣದಲ್ಲಿ ಅದು ಬೇರೆ ಆಕ್ಸೈಡ್ ಆಗಿ, ಉಳಿದದ್ದನ್ನೂ ಬೇಗ ಕರಗಿಸುತ್ತದೆ. ಕಬ್ಬಿಣ ಜಾಸ್ತಿ ಇರುವ ಬೂದಿಯಲ್ಲಿ ಎರಡು ಪರೀಕ್ಷೆಗಳ ನಡುವೆ ಕೆಲವೊಮ್ಮೆ ನೂರು ಡಿಗ್ರಿಗೂ ಮೀರಿ ವ್ಯತ್ಯಾಸ ಬರುತ್ತದೆ. ಬಾಯ್ಲರ್‌ನವರು ಕೊಟ್ಟ ವರದಿ ಇಟ್ಟುಕೊಂಡು ಗ್ಯಾಸಿಫೈಯರ್ ಆರಿಸಬಾರದು ಅನ್ನುವುದು ಇದಕ್ಕೇ.

ಬೂದಿಯನ್ನು ಒಣಗಿಸಿಯೇ ತೆಗೆಯುವ ಯೋಚನೆ ಇದ್ದರೆ ಈ ಪರೀಕ್ಷೆ ಹೆಚ್ಚುಕಡಿಮೆ ಸಾಕು. ಕರಗಿಸುವ ಯೋಚನೆ ಇದ್ದರೆ ಸಾಲದು. ಕರಗಿದ ಬೂದಿ, ಅಂದರೆ ಸ್ಲ್ಯಾಗ್, ಎಷ್ಟು ಮಂದ ಅನ್ನುವುದನ್ನೂ ಅಳೆಯಿಸಬೇಕು. ಹರಿದು ಕೆಳಗಿನ ತೂತಿನಿಂದ ಇಳಿಯಬೇಕಾದರೆ ಅದರ ಮಂದತೆ ಸಾಮಾನ್ಯವಾಗಿ 25 ಪಾಸ್ಕಲ್ ಸೆಕೆಂಡ್‌ಗಿಂತ ಕಡಿಮೆ ಇರಬೇಕು. ನೀರಿನ ಮಂದತೆ ಇದರ ಇಪ್ಪತ್ತೈದು ಸಾವಿರದಲ್ಲಿ ಒಂದು ಭಾಗ, ಅಂದಮೇಲೆ ಇದು ಎಂಥ ದ್ರವ ಅಂತ ನೀವೇ ಊಹಿಸಿ. ಹಾಗಂತ ತೀರಾ ತೆಳ್ಳಗಾದರೂ ಕಷ್ಟ. ತೆಳ್ಳಗಿನ ಸ್ಲ್ಯಾಗ್ ಇಟ್ಟಿಗೆಯ ಸಂದಿಗೆ ಇಳಿದು ಅದನ್ನೇ ತಿನ್ನುತ್ತದೆ.

ಸ್ಲ್ಯಾಗ್ ತಣಿಯುವಾಗ ಎರಡು ಥರ ನಡೆದುಕೊಳ್ಳುತ್ತದೆ, ಆಲೆಮನೆಯ ಕೊಪ್ಪರಿಗೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಒಂದು ಪಾಕ ಆರುತ್ತಾ ಆರುತ್ತಾ ಎಳೆ ಎಳೆಯಾಗಿ ಮಂದವಾಗುತ್ತದೆ, ಇನ್ನೊಂದು ನೋಡನೋಡುತ್ತಿದ್ದ ಹಾಗೆ ಕಾಳುಗಟ್ಟಿ ಸೌಟು ಹಿಡಿದುಕೊಳ್ಳುತ್ತದೆ. ಸಿಲಿಕಾ ಹೆಚ್ಚಿರುವ ಸ್ಲ್ಯಾಗ್ ಸಾಮಾನ್ಯವಾಗಿ ಮೊದಲನೆಯ ಥರ, ಗಾಜಿನ ಸ್ವಭಾವದ್ದು. ಸುಣ್ಣ, ಕಬ್ಬಿಣ ಹೆಚ್ಚಿರುವುದು ಎರಡನೆಯ ಥರ. ಒಂದು ಉಷ್ಣತೆಯವರೆಗೆ ಚೆನ್ನಾಗಿ ಹರಿಯುತ್ತಿರುತ್ತದೆ, ಅದಕ್ಕಿಂತ ಸ್ವಲ್ಪ ಕೆಳಗೆ ಬಂದರೆ ಹರಳು ಹುಟ್ಟಿ ಒಮ್ಮೆಲೇ ಬಿಗಿಯುತ್ತದೆ. ಆ ಉಷ್ಣತೆ ಎಷ್ಟು ಅಂತ ಗೊತ್ತಿಲ್ಲದೆ ಸ್ಲ್ಯಾಗ್ ಕರಗಿಸುವ ಯಂತ್ರ ಕೊಳ್ಳುವುದು ಬೇಡವೇ ಬೇಡ.

ಒಣ ಬೂದಿಯ ಲುರ್ಗಿ

ಲುರ್ಗಿ ಅನ್ನುವ ಈ ಗ್ಯಾಸಿಫೈಯರ್ ಜರ್ಮನಿಯಲ್ಲಿ 1930ರ ದಶಕದಲ್ಲಿ ಬಂದದ್ದು. ದಕ್ಷಿಣ ಆಫ್ರಿಕಾದ ಸಾಸೋಲ್ ಕಂಪನಿ 1950ರ ದಶಕದಿಂದ ಇದನ್ನೇ ನಂಬಿ ಕಲ್ಲಿದ್ದಲಿನಿಂದ ಪೆಟ್ರೋಲು ಮಾಡಿತು. ಮೇಲಿನಿಂದ ಕಲ್ಲಿದ್ದಲ ಹೆಂಟೆ, ಕೆಳಗಿನಿಂದ ಆಕ್ಸಿಜನ್ ಮತ್ತು ಸ್ಟೀಮ್, ತಳದಲ್ಲಿ ನಿಧಾನಕ್ಕೆ ತಿರುಗುವ ಜಾಲರಿ. ಬೂದಿ ಕರಗಬಾರದು ಅಂತ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಸ್ಟೀಮ್ ಬಿಡುತ್ತಾರೆ. ಆ ಸ್ಟೀಮ್ ಉರಿಯ ಬಿಸಿ ತೀರಾ ಏರದ ಹಾಗೆ ತಡೆಯುತ್ತದೆ.

ಬೂದಿ ಶೇ. 30, 40 ಇದ್ದರೂ ಇದು ಅಷ್ಟಾಗಿ ಬೇಜಾರು ಮಾಡಿಕೊಳ್ಳುವುದಿಲ್ಲ. ಬೂದಿ ಗಡುಸಾಗಿ, ಕರಗಲು ಒಲ್ಲೆ ಅನ್ನುವಂಥದ್ದಾದರೆ ಇನ್ನೂ ಒಳ್ಳೆಯದು. ಒಡಿಶಾದ ಅಂಗುಲ್‌ನಲ್ಲಿ ಜಿಂದಾಲ್ ಉಕ್ಕಿನ ಸ್ಥಾವರ ನಮ್ಮ ದೇಶದ ಹೆಚ್ಚು ಬೂದಿಯ ಕಲ್ಲಿದ್ದಲನ್ನು ಲುರ್ಗಿ ಗ್ಯಾಸಿಫೈಯರ್‌ನಲ್ಲೇ ಅನಿಲ ಮಾಡಿ ಕಬ್ಬಿಣ ತೆಗೆಯಲು ಬಳಸುತ್ತದೆ. ತೊಂದರೆ ಬೇರೆ ಕಡೆ ಇದೆ. ಪುಡಿ ಕಲ್ಲಿದ್ದಲು ಇದಕ್ಕೆ ಆಗದು. ಟಾರು ಬರುತ್ತದೆ. ಅಷ್ಟೆಲ್ಲ ಸ್ಟೀಮ್ ಕೊನೆಗೆ ಫೀನಾಲ್ ಸೇರಿದ ಕೊಳಕು ನೀರಾಗಿ ಹೊರಗೆ ಬರುತ್ತದೆ, ಅದನ್ನು ಶುದ್ಧ ಮಾಡುವ ಖರ್ಚು ಸಣ್ಣದಲ್ಲ. ಕಾವೇರಿ ನೀರಿಗೆ ಪ್ರತಿ ವರ್ಷ ಲೆಕ್ಕ ಹಾಕುವ ನಮ್ಮ ಕಡೆಯವರಿಗೆ ಇದರ ನೀರಿನ ದಾಹ ಮೊದಲು ಕಣ್ಣಿಗೆ ಬೀಳಬೇಕು.

ಇದೇ ಲುರ್ಗಿಯ ತಳದಲ್ಲಿ ಜಾಲರಿ ತೆಗೆದು, ಸ್ಟೀಮ್ ಕಡಿಮೆ ಮಾಡಿ, ಬೂದಿಯನ್ನು ಕರಗಿಸಿ ತೂತಿನಿಂದ ಇಳಿಸಿದರೆ ಅದು ಬ್ರಿಟಿಷ್ ಗ್ಯಾಸ್‌ನವರು ಸ್ಕಾಟ್ಲೆಂಡ್‌ನ ವೆಸ್ಟ್‌ಫೀಲ್ಡ್‌ನಲ್ಲಿ ಬೆಳೆಸಿದ ಬಿಜಿಎಲ್ (ಬ್ರಿಟಿಷ್ ಗ್ಯಾಸ್ ಲುರ್ಗಿ). ನೀರಿನ ಖರ್ಚು ಉಳಿಯುತ್ತದೆ, ಆದರೆ ಟಾರು ಬರುವುದು ತಪ್ಪುವುದಿಲ್ಲ. ಸ್ಲ್ಯಾಗ್ ಇನ್ನೂ ತೆಳ್ಳಗಿರಬೇಕು, ಸುಣ್ಣದ ಕಲ್ಲು ಬೆರೆಸುತ್ತಲೇ ಇರಬೇಕು. ಶೇ. 40 ಬೂದಿಯವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

ಮರಳಿನಂತೆ ಕುದಿಯುವ ಫ್ಲೂಯಿಡೈಸ್ಡ್ ಬೆಡ್

ಕಲ್ಲಿದ್ದಲನ್ನು ಕೆಲವೇ ಮಿಲಿಮೀಟರ್ ಗಾತ್ರಕ್ಕೆ ಒಡೆದು, ಕೆಳಗಿನಿಂದ ಬರುವ ಗಾಳಿಯ ರಭಸದಲ್ಲಿ ತೇಲಾಡಿಸುತ್ತಾರೆ. ಉಷ್ಣತೆ ಸುಮಾರು 850ರಿಂದ 1,000 ಡಿಗ್ರಿ ಆಸುಪಾಸು. ಭಾರತದ ಕಲ್ಲಿದ್ದಲಿನ ಬೂದಿಯಲ್ಲಿ ಸಿಲಿಕಾ, ಅಲ್ಯುಮಿನಾ ತುಂಬಿರುವುದರಿಂದ ಅದು ಮೆತ್ತಗಾಗುವ ಉಷ್ಣತೆ ಇದಕ್ಕಿಂತ ಎಷ್ಟೋ ಮೇಲೆ. ಹಾಗಾಗಿ ಇಲ್ಲಿ ಅದು ಒಣಗಿಯೇ ಇರುತ್ತದೆ. ಬಿಎಚ್‌ಇಎಲ್ ಮೊದಲು ತಿರುಚ್ಚಿಯಲ್ಲಿ ವಿದ್ಯುತ್ತಿಗೆ ಇದನ್ನು ಪ್ರಯೋಗ ಮಾಡಿತು. 2021ರಲ್ಲಿ ಹೈದರಾಬಾದ್‌ನಲ್ಲಿ ಹೆಚ್ಚು ಬೂದಿಯ ಕಲ್ಲಿದ್ದಲಿನಿಂದ ದಿನಕ್ಕೆ ಕಾಲು ಟನ್ ಮೆಥನಾಲ್ ಮಾಡಿ ತೋರಿಸಿತು. ಪ್ರಮಾಣ ಚಿಕ್ಕದು, ಆದರೆ ನಮ್ಮದೇ ಕಲ್ಲಿದ್ದಲಿಗೆ ನಮ್ಮವರೇ ಮಾಡಿದ್ದು ಅನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಇದೆ.

ಇದರ ದೌರ್ಬಲ್ಯವೂ ಆ ಕಡಿಮೆ ಉಷ್ಣತೆಯೇ. ಇಂಗಾಲ ಪೂರ್ತಿ ಅನಿಲವಾಗುವುದಿಲ್ಲ, ಒಂದಷ್ಟು ಬೂದಿಯ ಜೊತೆ ಹೊರಗೆ ಹೋಗುತ್ತದೆ. ಅದನ್ನು ಸರಿ ಮಾಡಲು ಬಿಸಿ ಏರಿಸಿದರೆ ಬೂದಿ ಅಂಟಾಗಿ, ತೇಲಬೇಕಾದ ಕಾಳುಗಳು ಒಂದಕ್ಕೊಂದು ಹತ್ತಿಕೊಂಡು ಇಡೀ ಬೆಡ್ ಕೂತುಬಿಡುತ್ತದೆ. ಯು-ಗ್ಯಾಸ್ ಅನ್ನುವ ವಿನ್ಯಾಸ ಮಾತ್ರ ಈ ಅಂಟನ್ನೇ ಕೆಲಸಕ್ಕೆ ಹಚ್ಚಿತು. ತಳದ ಒಂದು ಜಾಗದಲ್ಲಿ ಮಾತ್ರ ಬಿಸಿ ಹೆಚ್ಚಿಸಿ, ಬೂದಿ ಕಣಗಳು ಅಂಟಿ ಉಂಡೆಯಾಗಿ, ಭಾರವಾಗಿ ತಾವೇ ಬೀಳುವ ಹಾಗೆ ಮಾಡಿತು. ಕೇಳಲು ಚೆಂದ. ನಡೆಸುವವನ ಕೈಯಲ್ಲಿ ಉಷ್ಣತೆಯ ಅಂತರ ತೀರಾ ಸಣ್ಣದು.

ಪೂರ್ತಿ ಕರಗಿಸುವ ಯಂತ್ರಗಳು

ಎಂಟ್ರೇನ್ಡ್ ಫ್ಲೋ ಅನ್ನುವುದು ಇವೇ. ಹಿಟ್ಟಿನಂತೆ ಅರೆದ ಕಲ್ಲಿದ್ದಲು, ಆಕ್ಸಿಜನ್, ಉಷ್ಣತೆ 1,300ರಿಂದ 1,600 ಡಿಗ್ರಿ, ಎಲ್ಲ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಟಾರು ಇಲ್ಲ, ಇಂಗಾಲ ಹೆಚ್ಚುಕಡಿಮೆ ಪೂರ್ತಿ ಖರ್ಚಾಗುತ್ತದೆ, ಅನಿಲ ಶುದ್ಧ. ಕರಗಿದ ಬೂದಿ ಗೋಡೆಗೆ ಬಡಿದು, ಅದರ ಮೇಲೆ ನಿಧಾನಕ್ಕೆ ಇಳಿದು, ಕೆಳಗಿನ ನೀರಿಗೆ ಬಿದ್ದು ಗಾಜಿನ ಕಾಳಾಗುತ್ತದೆ. ಆ ಕಾಳು ರಸ್ತೆಗೆ, ಸಿಮೆಂಟಿಗೆ ಆಗುತ್ತದೆ, ಮಳೆ ನೀರಿಗೆ ಲೋಹ ಬಿಡುವುದು ಒಣ ಬೂದಿಗಿಂತ ಕಡಿಮೆ.

ಈ ಗುಂಪಿನಲ್ಲಿ ಆರಿಸುವಾಗ ಗೋಡೆ ಯಾವುದು ಅಂತ ನೋಡಬೇಕು.

ಟೆಕ್ಸಾಕೋ, ಆಮೇಲೆ ಜಿಇ ಹೆಸರಿಗೆ ಬಂದ ವಿನ್ಯಾಸದಲ್ಲಿ ಕ್ರೋಮಿಯಂ ಆಕ್ಸೈಡ್ ಹೆಚ್ಚಿರುವ ದುಬಾರಿ ಇಟ್ಟಿಗೆಯ ಗೋಡೆ. ಅಮೆರಿಕದ ಫ್ಲಾರಿಡಾದಲ್ಲಿ 1996ರಲ್ಲಿ ಶುರುವಾದ ಪೋಕ್ ಸ್ಥಾವರ ಇಂಥದ್ದಾಗಿತ್ತು. ಕಲ್ಲಿದ್ದಲನ್ನು ನೀರಲ್ಲಿ ಕಲಸಿ ಪಂಪ್ ಮಾಡುತ್ತಾರೆ, ಯಂತ್ರ ಸರಳ, ಮೊದಲ ಖರ್ಚು ಕಡಿಮೆ. ಆದರೆ ಸ್ಲ್ಯಾಗ್ ಇಟ್ಟಿಗೆಯ ಸೂಕ್ಷ್ಮ ತೂತುಗಳಿಗೆ ಇಳಿಯುತ್ತದೆ. ಬಿಸಿ ಏರಿ ಇಳಿದಾಗ ಸ್ಲ್ಯಾಗ್ ಇಳಿದ ಪದರ ಹಾಗೇ ಚಕ್ಕೆ ಎದ್ದು ಬೀಳುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಕೆಟ್ಟ ಕಲ್ಲಿದ್ದಲಾದರೆ ಇನ್ನೂ ಬೇಗ, ಎಲ್ಲ ನಿಲ್ಲಿಸಿ ಇಟ್ಟಿಗೆ ಬದಲಿಸಬೇಕು. ಸ್ಲ್ಯಾಗ್ ಹರಿಯಲಿ ಅಂತ ಉಷ್ಣತೆ ಏರಿಸಿದಷ್ಟೂ ಇಟ್ಟಿಗೆಯ ಆಯುಸ್ಸು ಕಡಿಮೆ. ನಡೆಸುವವರು ಪ್ರತಿ ಪಾಳಿಯಲ್ಲೂ ಈ ಎರಡರ ನಡುವೆ ಎಳೆದಾಡುತ್ತಿರುತ್ತಾರೆ.

ಶೆಲ್ ವಿನ್ಯಾಸದಲ್ಲಿ ಗೋಡೆಯೊಳಗೆ ನೀರಿನ ಕೊಳವೆಗಳು. ಅದರ ಮೇಲೆ ಸಿಲಿಕಾನ್ ಕಾರ್ಬೈಡ್‌ನ ತೆಳು ಲೇಪ, ಅಷ್ಟೇ. ನಿಜವಾದ ರಕ್ಷಣೆ ಸ್ಲ್ಯಾಗ್‌ನದ್ದೇ: ತಣ್ಣನೆಯ ಗೋಡೆಗೆ ತಾಗಿದ ಸ್ಲ್ಯಾಗ್ ಗಟ್ಟಿಯಾಗಿ ಪದರ ಕಟ್ಟುತ್ತದೆ, ಆಮೇಲೆ ಬಂದ ಸ್ಲ್ಯಾಗ್ ಅದರ ಮೇಲೆ ಹರಿಯುತ್ತದೆ. ಎಲ್ಲೋ ಪದರ ಕಿತ್ತರೆ ಅಲ್ಲಿ ಹೊಸದು ಕಟ್ಟಿಕೊಳ್ಳುತ್ತದೆ. ನೆದರ್ಲೆಂಡ್ಸ್‌ನ ಬುಗ್ಗೆನಮ್‌ನಲ್ಲಿ 1994ರಿಂದ 2013ರವರೆಗೆ ಇದು ವಿದ್ಯುತ್ ಮಾಡಿತು. ಇಲ್ಲಿ ಬೂದಿ ತೀರಾ ಕಡಿಮೆ ಇದ್ದರೂ ತೊಂದರೆ. ಸುಮಾರು ಶೇ. 8ಕ್ಕಿಂತ ಕಡಿಮೆಯಾದರೆ ಪದರ ಸರಿಯಾಗಿ ಕಟ್ಟುವುದಿಲ್ಲ, ಹಾರಿಹೋದ ಬೂದಿಯನ್ನೇ ಹಿಡಿದು ಮತ್ತೆ ಒಳಗೆ ಹಾಕಬೇಕಾಗುತ್ತದೆ. ಮತ್ತೊಂದು ಸೂಕ್ಷ್ಮ: ಅನಿಲದ ಜೊತೆ ಮೇಲಕ್ಕೆ ಹೋಗುವ ಅರೆ ಕರಗಿದ ಹನಿಗಳು ಬಾಯ್ಲರ್ ಕೊಳವೆಗೆ ಅಂಟದಿರಲಿ ಅಂತ, ತಣಿಸಿದ ಅನಿಲವನ್ನೇ ವಾಪಸ್ ಊದಿ ಅವನ್ನು ದಾರಿಯಲ್ಲೇ ಗಟ್ಟಿ ಮಾಡುತ್ತಾರೆ. ಹಣ ಜಾಸ್ತಿ, ಯಂತ್ರ ತೊಡಕಿನದು. ಆದರೂ ಕರಗಿಸಲೇಬೇಕು, ಕಲ್ಲಿದ್ದಲಿನ ಗುಣ ಆಗಾಗ ಬದಲಾಗುತ್ತದೆ ಅಂತಾದರೆ ನನ್ನ ಓಟು ಈ ಗೋಡೆಗೆ.

ನಮ್ಮ ಕಲ್ಲಿದ್ದಲನ್ನು ಕರಗಿಸಿದರೆ ಏನಾಗುತ್ತದೆ

ಒಂದು ಸುಲಭದ ಲೆಕ್ಕ ಹಾಕೋಣ. 100 ಕೆಜಿ ಕಲ್ಲಿದ್ದಲು, ಅದರಲ್ಲಿ ಬೂದಿ 40 ಕೆಜಿ. ಶಾಖ ಕೆಜಿಗೆ 4,000 ಕಿಲೋಕ್ಯಾಲರಿ ಅಂದುಕೊಳ್ಳಿ, ಒಟ್ಟು 4 ಲಕ್ಷ. ಬೂದಿಯನ್ನು 1,500 ಡಿಗ್ರಿಗೆ ತಂದು ಕರಗಿಸಲು ಕೆಜಿಗೆ ಸುಮಾರು 400 ಬೇಕು, ಅಲ್ಲಿಗೆ 16,000 ಹೋಯಿತು. ಈ ಬೂದಿ ತಾನಾಗಿ ಹರಿಯುವುದಿಲ್ಲ ಅಂತ 15 ಕೆಜಿ ಸುಣ್ಣದ ಕಲ್ಲು ಹಾಕಿದಿರಿ ಅನ್ನಿ. ಅದನ್ನು ಸುಟ್ಟು ಸುಣ್ಣ ಮಾಡಲು ಸುಮಾರು 6,400, ಬಂದ ಸುಣ್ಣವನ್ನು ಕರಗಿಸಲು ಮತ್ತೆ 3,400. ಒಟ್ಟು ಹತ್ತಿರ ಹತ್ತಿರ 26,000, ಅಂದರೆ ಕಲ್ಲಿದ್ದಲಿನ ಶಾಖದಲ್ಲಿ ಶೇ. 6ಕ್ಕೂ ಹೆಚ್ಚು. ಇದರಲ್ಲಿ ಹೆಚ್ಚಿನದು ಕೊನೆಗೆ ಸ್ಲ್ಯಾಗ್ ಬೀಳುವ ನೀರನ್ನು ಕಾಯಿಸುವುದಕ್ಕೆ ಹೋಗುತ್ತದೆ. ಇದನ್ನು ತುಂಬಲು ಹೆಚ್ಚು ಆಕ್ಸಿಜನ್ ಬೇಕು, ಆಕ್ಸಿಜನ್‌ಗೆ ಕರೆಂಟು ಬೇಕು. ಅದೇ ಶೇ. 10 ಬೂದಿಯ, ಕೆಜಿಗೆ 6,000 ಕಿಲೋಕ್ಯಾಲರಿಯ ಕಲ್ಲಿದ್ದಲಾದರೆ ಬೂದಿ ಕರಗಿಸುವ ಖರ್ಚು ಶೇ. 1 ಕೂಡ ಆಗುವುದಿಲ್ಲ.

ಸುಣ್ಣ ಯಾಕೆ ಅನ್ನುವವರಿಗೆ: ಸಿಲಿಕಾ ಕರಗುವುದು 1,700 ಡಿಗ್ರಿ ದಾಟಿದ ಮೇಲೆ, ಅಲ್ಯುಮಿನಾ 2,000 ದಾಟಿದ ಮೇಲೆ, ಸುಣ್ಣ 2,500 ದಾಟಿದ ಮೇಲೆ. ಮೂರನ್ನೂ ಸರಿಯಾದ ಅಳತೆಯಲ್ಲಿ, ಅಂದಾಜು 62 ಭಾಗ ಸಿಲಿಕಾ, 15 ಅಲ್ಯುಮಿನಾ, 23 ಸುಣ್ಣ ಬೆರೆಸಿದರೆ 1,170 ಡಿಗ್ರಿ ಹತ್ತಿರವೇ ಕರಗುತ್ತದೆ. ನಮ್ಮ ಬೂದಿಯಲ್ಲಿ ಅಲ್ಯುಮಿನಾ ಇದಕ್ಕಿಂತ ಜಾಸ್ತಿ, ಸುಣ್ಣ ತೀರಾ ಕಡಿಮೆ. ಸುಣ್ಣ ಸೇರಿಸುತ್ತಾ ಹೋದರೆ ಮೊದಲು ಕರಗುವ ಉಷ್ಣತೆ ಇಳಿಯುತ್ತದೆ, ಒಂದು ಹಂತ ದಾಟಿದ ಮೇಲೆ ಮತ್ತೆ ಏರುತ್ತದೆ. ಹಾಗಾಗಿ ಕಣ್ಣಂದಾಜಿನಲ್ಲಿ ಇನ್ನೊಂದು ಬುಟ್ಟಿ ಸುರಿಯುವ ಕೆಲಸ ಇದಲ್ಲ.

ರಾಮಗುಂಡಂ ಮತ್ತು ತಾಲ್ಚೇರ್‌ನ ಗೊಬ್ಬರ ಕಾರ್ಖಾನೆಗಳು ಬೂದಿ ಕರಗಿಸುವ ಕೋಪರ್ಸ್ ಟೋಟ್ಸೆಕ್ ಗ್ಯಾಸಿಫೈಯರ್‌ಗಳನ್ನು ಹಾಕಿ 1980ರಲ್ಲಿ ಶುರುವಾದವು, 1999ರಲ್ಲಿ ಮುಚ್ಚಿದವು. ಕರೆಂಟ್ ಕೈಕೊಡುವುದು, ಯಂತ್ರ ಕೆಡುವುದು, ಕಾರಣ ಹಲವು, ಹೆಚ್ಚು ಬೂದಿಯ ಕಲ್ಲಿದ್ದಲೂ ಅದರಲ್ಲೊಂದು. ಈಗ ರಾಮಗುಂಡಂ ನೈಸರ್ಗಿಕ ಅನಿಲಕ್ಕೆ ಹೋಗಿದೆ. ತಾಲ್ಚೇರ್‌ಗೆ ಹಾಕಿಕೊಂಡ ಹೊಸ ಯೋಜನೆಯಲ್ಲಿ ಕಲ್ಲಿದ್ದಲಿಗೆ ಪೆಟ್‌ಕೋಕ್ (ಕಚ್ಚಾ ತೈಲ ಸಂಸ್ಕರಿಸಿದಾಗ ಉಳಿಯುವ ಗಟ್ಟಿ ಇಂಧನ) ಬೆರೆಸುವ ಲೆಕ್ಕ ಇದೆ. ಪೆಟ್‌ಕೋಕ್‌ನಲ್ಲಿ ಬೂದಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬೆರೆಸಿದರೆ ಸರಾಸರಿ ಇಳಿಯುತ್ತದೆ. ಕರಗಿಸಲೇಬೇಕು ಅನ್ನುವವರಿಗೆ ಇದು ಸರಿಯಾದ ದಾರಿ ಅಂತಲೇ ನನಗೆ ಅನಿಸುತ್ತದೆ, ಪೆಟ್‌ಕೋಕ್‌ನ ಬೆಲೆ ಮತ್ತು ಗಂಧಕ ಎರಡನ್ನೂ ತಡೆದುಕೊಳ್ಳುವ ಶಕ್ತಿ ಇದ್ದರೆ.

ಹಾಗಾದರೆ ಯಾವುದು

ಬೂದಿ ಶೇ. 30 ದಾಟಿದ್ದು, ಮೆತ್ತಗಾಗುವುದು 1,400 ಡಿಗ್ರಿಗೂ ಮೇಲೆ ಅಂದರೆ ಕರಗಿಸುವ ಆಸೆ ಬಿಡಿ. ಹೆಂಟೆ ಕಲ್ಲಿದ್ದಲು ಸಿಗುತ್ತದೆ, ನೀರಿಗೂ ಕೊಳಕು ನೀರಿನ ಶುದ್ಧೀಕರಣಕ್ಕೂ ದುಡ್ಡಿದೆ ಅಂದರೆ ಲುರ್ಗಿ. ಬರುವುದೆಲ್ಲ ಪುಡಿ ಅಂದರೆ ಫ್ಲೂಯಿಡೈಸ್ಡ್ ಬೆಡ್. ಬೂದಿ ಶೇ. 20ರೊಳಗೆ, ಕರಗುವುದೂ 1,400ರೊಳಗೆ, ಬೇಕಾದ್ದು ಗೊಬ್ಬರಕ್ಕೋ ಮೆಥನಾಲ್‌ಗೋ ಶುದ್ಧ ಅನಿಲ ಅಂದರೆ ಎಂಟ್ರೇನ್ಡ್ ಫ್ಲೋ. ಇವೆರಡರ ನಡುವೆ ಇರುವವರು ಯಂತ್ರ ಹುಡುಕುವ ಮೊದಲು ಬೆರೆಸಲು ಬೇರೆ ಕಲ್ಲಿದ್ದಲು ಸಿಗುತ್ತದಾ ಅಂತ ಹುಡುಕಿ.

ಮಂಡ್ಯ, ಮೈಸೂರು ಕಡೆ ಹೊಟ್ಟು, ತರಗು, ಕಬ್ಬಿನ ಸಿಪ್ಪೆಯಲ್ಲಿ ಸಣ್ಣ ಗ್ಯಾಸಿಫೈಯರ್ ಹಾಕುವ ಯೋಚನೆ ಇದ್ದವರಿಗೆ ಕರಗಿಸುವ ಪ್ರಶ್ನೆಯೇ ಬರುವುದಿಲ್ಲ, ಒಣಗಿಯೇ ಇಡಬೇಕು. ಹೊಟ್ಟಿಗೂ ಹುಲ್ಲಿಗೂ ಬೇರೆ ಬೇರೆ ಶೆಡ್ ಮಾಡಿ. ತರಗು, ಹುಲ್ಲು ಒಂದೆರಡು ಮಳೆ ತಿಂದಿದ್ದರೆ ಪೊಟ್ಯಾಸಿಯಂ ಒಂದಷ್ಟು ತೊಳೆದು ಹೋಗಿರುತ್ತದೆ, ಆಮೇಲೆ ಒಣಗಿಸಿ ಹಾಕಿದರೆ ಕ್ಲಿಂಕರ್ ಕಾಟ ಕಡಿಮೆ. ನೆಲದಿಂದ ಬಾಚಿ ತುಂಬುವಾಗ ಮಣ್ಣು ಸೇರದ ಹಾಗೆ ನೋಡಿಕೊಳ್ಳಿ.

ಯಂತ್ರ ಮಾರುವವರು ಬಂದಾಗ ಅವರ ದಕ್ಷತೆಯ ಚಾರ್ಟು ಪಕ್ಕಕ್ಕಿಟ್ಟು, ಬೂದಿಯ ಗ್ಯಾರಂಟಿಯನ್ನು ಬರವಣಿಗೆಯಲ್ಲಿ ಕೇಳಿ. ಸರಾಸರಿ ಬೂದಿಗೆ ಕೊಟ್ಟ ಗ್ಯಾರಂಟಿ ಸಾಲದು. ವರ್ಷದಲ್ಲಿ ಬರುವ ಅತಿ ಕೆಟ್ಟ ಲೋಡಿಗೆ ಬೂದಿ ಎಷ್ಟು, ಆಕ್ಸಿಜನ್ ಕೊರತೆಯಲ್ಲಿ ಅದು ಮೆತ್ತಗಾಗುವ ಉಷ್ಣತೆ ಎಷ್ಟು, ಕರಗಿಸುವ ಯಂತ್ರವಾದರೆ ಯಾವ ಮಂದತೆಯವರೆಗೆ ತೂತು ಕಟ್ಟಿಕೊಳ್ಳುವುದಿಲ್ಲ, ಕಟ್ಟಿಕೊಂಡರೆ ಬಿಡಿಸಲು ಎಷ್ಟು ದಿನ ನಿಲ್ಲಿಸಬೇಕು, ಆ ದಿನಗಳ ನಷ್ಟ ಯಾರ ತಲೆಗೆ, ಇಷ್ಟನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ.